ಶ್ಯಾವಿಗಿ ಮಶೀನಿನ ಬಳೆಗೆ ಯಾವ ಪಾನಾ ತಗೋಬೇಕು?

ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆದಾಯಿತು ಅಂದರೆ ಕಲಬುರಗಿಯ ಓಣಿಗಳಲ್ಲಿ ಶ್ಯಾವಿಗಿ ಮಶೀನುಗಳು ಮೂಲೆಯಿಂದ ಹೊರಗೆ ಬರುತ್ತವೆ. ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನದೂ ಒಂದು ಮೋಟಾರು ಮಶೀನು ಇದೆ. ಬೇಸಿಗೆ ಪೂರ್ತಿ ಜನ ಡಬ್ಬಿಯಲ್ಲಿ ರವಾ, ಹಿಟ್ಟು ತರುತ್ತಾರೆ. ಶ್ಯಾವಿಗಿ ಹೊಡೆಸಿಕೊಂಡು ಮಾಳಿಗೆ ಮೇಲೆ ಕೋಲಿಗೆ ಹಾಕಿ ಒಣಗಿಸುತ್ತಾರೆ. ರಂಜಾನಿಗೆ ಶೀರ್ ಖುರ್ಮಾಕ್ಕೆ ಅಂತ ಸಣ್ಣ ಎಳೆಯ ಶ್ಯಾವಿಗಿ ಕೇಳಿಕೊಂಡು ದರ್ಗಾದ ಕಡೆಯಿಂದಲೂ ಬರುತ್ತಾರೆ. ಮಶೀನಿನ ಬಾಯಿಗೆ ತಿರುಗಿಸಿ ಕೂರಿಸುವ ಲೋಹದ ಉಂಗುರಕ್ಕೆ ಬಳೆ ಅಂತಾರೆ. ಈ ನಡುವೆ ಸ್ವಂತ ಮಶೀನು ತೆಗೆದುಕೊಂಡ ಹೆಣ್ಣುಮಕ್ಕಳು ನನಗೆ ಫೋನ್ ಮಾಡಿ ಕೇಳುವ ಮಾತು ಒಂದೇ: "ಅಕ್ಕಾ, ಬಳೆ ಬಿಚ್ಚವಲ್ದು, ಯಾರರ ಗಂಡಸ್ರು ಅದಾರೇನು, ಕಳಸ್ರಿ."

ಗಂಡಸರು ಬೇಡ. ಸರಿಯಾದ ಪಾನಾ, ಅಂದರೆ ಸ್ಪ್ಯಾನರ್, ಬೇಕು. ಅದು ಇದ್ದರೆ ಹತ್ತನೇ ಕ್ಲಾಸಿನ ಹುಡುಗಿಯೂ ಬಿಚ್ಚುತ್ತಾಳೆ, ಇಲ್ಲದಿದ್ದರೆ ಪೈಲ್ವಾನ ಬಂದು ಬಳೆ ಒಡೆದು ಹೋಗುತ್ತಾನೆ.

ಬಳೆಯ ಕೆಲಸ ಏನು ಅನ್ನುವುದು ತಿಳಿದರೆ ಪಾನಾದ ಆಯ್ಕೆ ಅರ್ಧ ಮುಗಿದಂತೆ. ಮಶೀನಿನ ಹೊಟ್ಟೆಯಲ್ಲಿ ಒಂದು ಸುರುಳಿ ತಿರುಗುತ್ತದೆ, ಅದು ಕಲಸಿದ ಹಿಟ್ಟನ್ನು ಮುಂದೆ ನೂಕುತ್ತದೆ. ಮುಂದೆ ಕೊಳವೆಯ ಬಾಯಿಗೆ ತೂತಿನ ಜಾಳಗಿ ಕೂತಿರುತ್ತದೆ. ಕೆಲವರು ಅಚ್ಚು ಅಂತಾರೆ, ಬಿಲ್ಲೆ ಅಂತಾರೆ. ಆ ಜಾಳಗಿ ಮುಂದಕ್ಕೆ ಜಿಗಿಯದಂತೆ ಹಿಡಿಯುವುದೇ ಬಳೆ. ಹಿಟ್ಟಿನ ಒತ್ತಡವನ್ನು ತಡೆಯುವುದು ಬಳೆಯ ಒಳಗಿನ ಥ್ರೆಡ್ಡು, ನೀವು ಕೊಟ್ಟ ಬಿಗಿ ಅಲ್ಲ. ನೀವು ಬಿಗಿ ಮಾಡುವುದು ಜಾಳಗಿ ಅಲುಗದೆ ಕೂರಲಿ ಅಂತ, ಅಷ್ಟೇ. ಕೈಯಿಂದ ತಿರುಗಿಸಿ ಬಳೆ ಕೂತ ಮೇಲೆ ಪಾನಾದಿಂದ ಎಂಟನೇ ಒಂದು ಸುತ್ತು ಸಾಕು. ಬಳೆಯ ಹೊರಗಿನ ಅಗಲ 80 ಮಿಲಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 251. ಎಂಟನೇ ಒಂದು ಸುತ್ತು ಅಂದರೆ ಅಂಚಿನಲ್ಲಿ 31 ಮಿಲಿಮೀಟರ್ ಸರಿದಂತೆ, ಹೆಬ್ಬೆರಳಿನ ಒಂದೂವರೆ ಅಗಲ. ಲೇಥಿನವರ ಹತ್ತಿರ ಬಳೆಯ ಮೇಲೊಂದು, ಕೊಳವೆಯ ಮೇಲೊಂದು ಚುಕ್ಕಿ ಹೊಡೆಸಿ ಇಟ್ಟುಕೊಂಡರೆ ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಬಳೆ ಹೆಚ್ಚಾಗಿ ಹಿತ್ತಾಳೆಯದು, ಕೊಳವೆ ಬೀಡು ಕಬ್ಬಿಣದ್ದು. ಹಿತ್ತಾಳೆ ಮೆತ್ತಗಿನ ಲೋಹ. ಪಾನಾ ಉಕ್ಕಿನದು. ಎರಡೂ ಜಗಳಕ್ಕೆ ನಿಂತರೆ ಸವೆಯುವುದು ಯಾವಾಗಲೂ ಬಳೆಯೇ, ಮತ್ತು ಸವೆದ ಚೂರು ಬೀಳುವುದು ನಿಮ್ಮ ಹಿಟ್ಟಿನೊಳಗೆ. ಹಾರ್ಡ್‌ವೇರ್ ಅಂಗಡಿಯವನಿಗೆ ಇದು ಹೊಳೆಯುವುದಿಲ್ಲ. ಅವನು ನಲ್ಲಿಗೆ, ಟ್ರ್ಯಾಕ್ಟರಿಗೆ ಪಾನಾ ಮಾರುವವನು. ನಿಮಗೇ ಹೊಳೆಯಬೇಕು.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಹೊರಮೈಯಲ್ಲಿ ಕಚ್ಚು ಇದೆಯೇ, ಆರು ಮೂಲೆ ಇದೆಯೇ, ಎರಡು ಕಿವಿ ಇವೆಯೇ, ಮುಖದ ಮೇಲೆ ತೂತು ಇವೆಯೇ, ಅಥವಾ ಪೂರಾ ನುಣುಪಾಗಿದೆಯೇ? ಪಾನಾ ಯಾವುದು ಅನ್ನುವುದನ್ನು ಇದೇ ಹೇಳುತ್ತದೆ. ಆಮೇಲೆ ಅಳತೆ. ಅಗಲ ಅಳೆಯುವ ವರ್ನಿಯರ್ ಇದ್ದರೆ ಒಳ್ಳೆಯದು. ಇಲ್ಲವೆಂದರೆ ಬಳೆಯ ಸುತ್ತ ದಾರ ಸುತ್ತಿ, ದಾರವನ್ನು ಸ್ಕೇಲಿಗೆ ಹಿಡಿದು, ಬಂದದ್ದನ್ನು 3.14ರಿಂದ ಭಾಗಿಸಿ. ದಾರ 236 ಮಿಲಿಮೀಟರ್ ಬಂದರೆ ಬಳೆ 75ರದು. "ಸ್ವಲ್ಪ ದೊಡ್ಡದು ಕೊಡ್ರಿ" ಅಂತ ಕೈ ಅಗಲಿಸಿ ತೋರಿಸಿದರೆ ಅಂಗಡಿಯವನು ತನ್ನ ಬಳಿ ಮಾರಾಟವಾಗದೆ ಉಳಿದದ್ದನ್ನು ಕೊಡುತ್ತಾನೆ.

ಕಚ್ಚು ಇರುವ ಬಳೆ ಇದ್ದರೆ ನೀವು ಪುಣ್ಯವಂತರು. ಅದಕ್ಕೆ ಕೊಕ್ಕಿ ಪಾನಾ ಬೇಕು. ಅಂಗಡಿಯಲ್ಲಿ ಸಿ-ಸ್ಪ್ಯಾನರ್ ಅಥವಾ ಹುಕ್ ಸ್ಪ್ಯಾನರ್ ಅಂತ ಕೇಳಿ. ಕುಡುಗೋಲಿನಂತೆ ಬಾಗಿದ ತಲೆ, ತುದಿಯಲ್ಲಿ ಒಂದೇ ಹಲ್ಲು. ಇದರ ಮೇಲೆ ಒಂದು ಅಳತೆ ಇರುವುದಿಲ್ಲ, ಎರಡು ಇರುತ್ತವೆ: 58-62, 68-75, 80-90 ಹೀಗೆ. ನಿಮ್ಮ ಬಳೆಯ ಹೊರಗಿನ ಅಗಲ ಆ ಎರಡರ ನಡುವೆ ಬರಬೇಕು. 75ರ ಬಳೆಗೆ 68-75 ಸರಿ. ದೊಡ್ಡದೂ ನಡೆಯುತ್ತದೆ ಅಂತ 80-90 ತಂದರೆ ಹಲ್ಲು ಕಚ್ಚಿನಲ್ಲಿ ಕೂರುತ್ತದೆ, ಆದರೆ ಬಾಗು ಬಳೆಯ ಬೆನ್ನಿಗೆ ತಾಗುವುದಿಲ್ಲ. ಆಗ ಭಾರವೆಲ್ಲ ಹಲ್ಲಿನ ತುದಿಯ ಮೇಲೆ ಬಂದು ಕಚ್ಚಿನ ಅಂಚು ಮಡಚಿಕೊಳ್ಳುತ್ತದೆ. ಮಡಚಿದ ಅಂಚನ್ನು ನೀವು ನೋಡಿರುತ್ತೀರಿ. ಬೆರಳು ಆಡಿಸಿದರೆ ಚರ್ಮ ಹಿಡಿಯುವ ಒಂದು ಸಣ್ಣ ತುಟಿ, ಹಳದಿಯಾಗಿ ಮಿರಮಿರ ಮಿಂಚುತ್ತಿರುತ್ತದೆ. ಮುಂದಿನ ಸಲ ಕಿತ್ತು ಬೀಳುವುದು ಅದೇ. ನುಣುಪು ಅರದಿಂದ ಅದನ್ನು ತಿಕ್ಕಿ, ತೊಳೆದು, ಆಮೇಲೆ ಮಶೀನು ಹಾಕಿ.

ಕೊಕ್ಕಿ ಪಾನಾ ಹಚ್ಚುವಾಗ ಮೂರು ಕಡೆ ನೋಡಬೇಕು. ಹಲ್ಲು ಕಚ್ಚಿನ ತಳಕ್ಕೆ ಮುಟ್ಟಿದೆಯೇ, ಬಾಗಿನ ಒಳಮೈ ಬಳೆಗೆ ಒರಗಿದೆಯೇ, ಹಲ್ಲಿನ ದಪ್ಪ ಕಚ್ಚಿಗೆ ಹೊಂದಿದೆಯೇ. ಅದು ಒಂದೇ ದಿಕ್ಕಿಗೆ ಎಳೆಯುತ್ತದೆ. ಬಿಗಿ ಮಾಡಿದ ಮೇಲೆ ಬಿಚ್ಚಬೇಕಾದರೆ ಪಾನಾ ಮಗುಚಿ ಹಚ್ಚಬೇಕು. ನಡುವೆ ಕೀಲು ಇರುವ, ಹಿಗ್ಗಿ ಕುಗ್ಗುವ ಕೊಕ್ಕಿ ಪಾನಾವೂ ಸಿಗುತ್ತದೆ. ಎರಡು ಮೂರು ಅಳತೆಯ ಮಶೀನು ಇರುವವರಿಗೆ ಅದು ಅನುಕೂಲ. ಒಂದೇ ಮಶೀನು ಇದ್ದವರಿಗೆ ಕೀಲಿಲ್ಲದ್ದೇ ವಾಸಿ, ಕೀಲು ಸಡಿಲಾದಷ್ಟೂ ಹಲ್ಲು ಜಾರುತ್ತದೆ.

ಹೊಸದು ಕೊಳ್ಳುವ ಮುಂಚೆ ಕೇಳಿ ನೋಡಲು ಎರಡು ಜಾಗ ಇವೆ. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಹೊಂದಿಸಲು ಇದೇ ಜಾತಿಯ ಪಾನಾ ಬೇಕು, ಬೈಕ್ ಮೆಕ್ಯಾನಿಕ್ ಹತ್ತಿರ ಇದ್ದೇ ಇರುತ್ತದೆ. ಇನ್ನೊಂದು ನಮ್ಮ ಊರಿನ ವಿಶೇಷ. ಇದು ತೊಗರಿಯ ಊರು. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್ ಬಂತು. ಕಪನೂರು ಕಡೆ, ಹುಮನಾಬಾದ್ ರಸ್ತೆಯ ಕಡೆ ದಾಲ್ ಮಿಲ್ಲುಗಳಿವೆ. ಮಿಲ್ಲಿನ ಶಾಫ್ಟಿನ ಬೇರಿಂಗು ಹಿಡಿಯುವ ನಟ್ಟು ಕೂಡ ಕಚ್ಚಿನ ಬಳೆಯೇ. ಮಿಲ್ಲಿನ ಫಿಟರ್‌ಗಳ ಚೀಲದಲ್ಲಿ ನಾಲ್ಕಾರು ಅಳತೆಯ ಕೊಕ್ಕಿ ಪಾನಾ ಇರುತ್ತವೆ. ನಿಮ್ಮ ಬಳೆ ಒಯ್ದು ಅವರ ಪಾನಾ ಹಚ್ಚಿ ನೋಡಿ, ಯಾವುದು ಕೂತಿತೋ ಆ ನಂಬರು ಬರೆದುಕೊಂಡು ಗಂಜ್ ಮಾರುಕಟ್ಟೆಗೆ ಹೋಗಿ ತನ್ನಿ. ಫಿಟರ್‌ನಿಗೆ ಒಂದು ಚಹಾ ಕುಡಿಸಿ.

ಆರು ಮೂಲೆಯ ಬಳೆಗೆ ಜನ ಮೊದಲು ಕೈ ಹಾಕುವುದು ತಿರುಪಿನಿಂದ ಬಾಯಿ ಹಿಗ್ಗಿ ಕುಗ್ಗುವ ಸ್ಕ್ರೂ ಪಾನಾಕ್ಕೆ. ಮನೆಯಲ್ಲಿ ಇರುವುದು ಅದೇ. ಆದರೆ ಅದರ ಬಾಯಿ ಎಷ್ಟು ತೆರೆಯುತ್ತದೆ ಅಂತ ಯಾರೂ ನೋಡುವುದಿಲ್ಲ. 12 ಇಂಚಿನ ಸ್ಕ್ರೂ ಪಾನಾದ ಬಾಯಿ ಸುಮಾರು 35 ಮಿಲಿಮೀಟರಿಗೆ ಮುಗಿಯಿತು. 18 ಇಂಚಿನದು ತಂದರೂ ಐವತ್ತರ ಆಸುಪಾಸು. ಕೈ ಮಶೀನಿನ ಸಣ್ಣ ಬಳೆಗೆ ಅದು ಆಗಬಹುದು, ಮೋಟಾರು ಮಶೀನಿನದಕ್ಕೆ ಸಾಲದು. ಸಾಲುವ ಹಾಗಿದ್ದರೂ ಎರಡು ಮಾತು ನೆನಪಿರಲಿ. ತಿರುಪು ತಿರುಗಿಸಿ ಬಾಯಿಯನ್ನು ಅಲುಗಾಟ ಇಲ್ಲದಂತೆ ಕೂರಿಸಿ. ಮತ್ತು ಭಾರ ಬೀಳಬೇಕಾದದ್ದು ಅಲುಗದ ದವಡೆಯ ಮೇಲೆ, ಸರಿಯುವ ದವಡೆಯ ಮೇಲಲ್ಲ. ಸರಿಯುವ ದವಡೆ ಯಾವ ಕಡೆ ಇದೆಯೋ ಆ ಕಡೆಗೆ ಹಿಡಿಕೆ ಎಳೆಯಬೇಕು. ಉಲ್ಟಾ ಎಳೆದರೆ ಬಾಯಿ ಅಗಲವಾಗಿ ಬಳೆಯ ಮೂಲೆಗಳು ಉರುಟಾಗುತ್ತವೆ. ಉರುಟಾದ ಮೂಲೆಗೆ ಮತ್ತೆ ಔಷಧಿ ಇಲ್ಲ.

ದೊಡ್ಡ ಆರು ಮೂಲೆಯ ಬಳೆಗೆ ಫಿಕ್ಸ್ ಪಾನಾ ಸಿಗುತ್ತದೆ, 46, 50, 55ರ ಅಳತೆಯವು. ಆದರೆ ಅವು ಲಾರಿ ಕೆಲಸಕ್ಕೆ ಮಾಡಿದ್ದು: ಭಾರ, ಉದ್ದ, ದುಬಾರಿ. ಹಿಡಿಕೆ ಉದ್ದ ಇದ್ದಷ್ಟೂ ನಿಮಗೆ ಗೊತ್ತಿಲ್ಲದೆ ಬಿಗಿ ಹೆಚ್ಚಾಗುತ್ತದೆ. 20 ಕಿಲೋ ಭಾರದಷ್ಟು ಜೋರಿನಲ್ಲಿ 30 ಸೆಂಟಿಮೀಟರ್ ಹಿಡಿಕೆ ಎಳೆದರೆ ಬಳೆಗೆ ಬೀಳುವ ತಿರುಚು ಸುಮಾರು 60 ನ್ಯೂಟನ್ ಮೀಟರ್; ಅದೇ ಕೈ, ಅದೇ ಜೋರು, ಹಿಡಿಕೆ 60 ಸೆಂಟಿಮೀಟರ್ ಇದ್ದರೆ 120. ಪಾನಾದ ಹಿಂದೆ ಪೈಪು ಸಿಕ್ಕಿಸಿ ಎಳೆಯುವವರು ಮಾಡುವುದು ಇದನ್ನೇ.

ಆದ್ದರಿಂದ ಆರು ಮೂಲೆಯ ಬಳೆಗೆ ನನ್ನ ಸಲಹೆ: ಚಪ್ಪಟೆ ಚಾವಿ ಮಾಡಿಸಿ. ಮಶೀನು ಹೊಸದರಲ್ಲಿ ಅಂಥದ್ದೊಂದು ಜೊತೆಗೇ ಬಂದಿರುತ್ತದೆ, ಎಲ್ಲರ ಮನೆಯಲ್ಲೂ ಅದು ಕಳೆದಿರುತ್ತದೆ. ಬಿಸ್ಕೀಟ್ ಡಬ್ಬಿಯ ರಟ್ಟಿನ ಮೇಲೆ ಬಳೆ ಬೋರಲು ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ, ಕತ್ತರಿಸಿ, ರಟ್ಟು ಬಳೆಯ ಮೇಲೆ ಸರಿಯಾಗಿ ಇಳಿಯುತ್ತದೆಯೇ ನೋಡಿ. ಆ ರಟ್ಟನ್ನೂ ಬಳೆಯನ್ನೂ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿಗೆ ಒಯ್ಯಿರಿ. 8 ಮಿಲಿಮೀಟರ್ ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟು, ಹಿಡಿಕೆ 25 ಸೆಂಟಿಮೀಟರ್ ಮೀರದಂತೆ, ಬಾಯಿ ಬಳೆಗಿಂತ ಅರ್ಧ ಮಿಲಿಮೀಟರ್ ಮಾತ್ರ ಅಗಲ. ಗ್ಯಾಸಿನಲ್ಲಿ ಕತ್ತರಿಸಿದ ಮೇಲೆ ಅರ ಹಾಕಿ ಬೂದು ಪದರ ತೆಗೆದುಕೊಡಿ ಅಂತ ಒತ್ತಿ ಹೇಳಿ, ಹೇಳದಿದ್ದರೆ ಅವರು ಹಾಗೇ ಕೊಡುತ್ತಾರೆ. ಆರೂ ಮೂಲೆಗೆ ಒರಗುವ ಇಂಥ ಚಾವಿಯಲ್ಲಿ ಬಳೆಗೆ ಗಾಯವೇ ಆಗುವುದಿಲ್ಲ.

ಎರಡು ಕಿವಿಯ ಬಳೆ ಕೈ ಮಶೀನುಗಳಲ್ಲಿ ಇರುತ್ತದೆ. ಇದಕ್ಕೆ ಕಬ್ಬಿಣ ಮುಟ್ಟಿಸಲೇಬೇಡಿ. ಒಂದು ಮೊಳದಷ್ಟು ಜಾಲಿ ಕಟ್ಟಿಗೆಯ ಪಟ್ಟಿಯಲ್ಲಿ ಎರಡು ಕಚ್ಚು ಕೊರೆಸಿ ಕಿವಿಗಳಿಗೆ ಸಿಕ್ಕಿಸಿ ತಿರುಗಿಸಿ. ಜಾಸ್ತಿ ಜೋರು ಬಿದ್ದರೆ ಕಟ್ಟಿಗೆ ಸೀಳುತ್ತದೆ, ಕಿವಿ ಉಳಿಯುತ್ತದೆ. ಮುಖದ ಮೇಲೆ ಎರಡು ತೂತಿನ ಬಳೆಗೆ ಎರಡು ಗೂಟದ ಪಾನಾ ಬೇಕು. ಕಬ್ಬಿಣ ಕತ್ತರಿಸುವ ಗ್ರೈಂಡರಿನ ಜೊತೆ ಬರುವ ಚಾವಿ ನೋಡಲು ಹಾಗೇ ಇದ್ದರೂ ಅಳತೆ ಸಣ್ಣದು.

ನುಣುಪು ಬಳೆ ಇದ್ದವರ ಗೋಳು ಬೇರೆ. ಹಿಡಿಯಲು ಏನೂ ಇಲ್ಲ, ಹಾಗಾಗಿ ಪೈಪ್ ಪಾನಾ ತರುತ್ತಾರೆ. ಪೈಪ್ ಪಾನಾದ ಗುಣವೇ ಎಳೆದಷ್ಟೂ ಕಚ್ಚುವುದು. ಕಬ್ಬಿಣದ ಪೈಪಿಗೆ ಅದು ಸರಿ. ತೆಳು ಹಿತ್ತಾಳೆ ಬಳೆಯನ್ನು ಅದು ಎರಡು ಕಡೆಯಿಂದ ಅಮುಕಿ ಮೊಟ್ಟೆಯ ಆಕಾರಕ್ಕೆ ತರುತ್ತದೆ. ಆಕಾರ ಕೆಟ್ಟ ಬಳೆ ಥ್ರೆಡ್ಡಿನ ಮೇಲೆ ಮತ್ತಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾಯಿತು ಅಂತ ಇನ್ನೂ ಜೋರಾಗಿ ಎಳೆಯುತ್ತಾರೆ. ರಿಪೇರಿಗೆ ಅಂತ ನನ್ನ ಪಡಸಾಲೆಗೆ ಬರುವ ಬಳೆಗಳ ಮೈಮೇಲೆ ಸಾಲು ಸಾಲಾಗಿ ಹಲ್ಲಿನ ಗುರುತು ಇರುವುದು ಇದರಿಂದಲೇ. ಆ ಗುರುತಿನೊಳಗೆ ಹಿಟ್ಟು ಕೂತು ಹುಳಿಯಾಗುತ್ತದೆ, ಬ್ರಷ್ಷಿಗೂ ಬರುವುದಿಲ್ಲ.

ನುಣುಪು ಬಳೆಗೆ ಪಟ್ಟಿ ಪಾನಾ ತನ್ನಿ. ಕಾರಿನ ಆಯಿಲ್ ಫಿಲ್ಟರ್ ಬಿಚ್ಚಲು ಬಳಸುತ್ತಾರಲ್ಲ, ಹಿಡಿಕೆಗೆ ನೈಲಾನ್ ಅಥವಾ ರಬ್ಬರ್ ಪಟ್ಟಿ ಇರುವುದು. ಚೈನ್ ಇರುವುದು ಬೇಡ, ಅದೂ ಪೈಪ್ ಪಾನಾದ ತಮ್ಮನೇ. ಪಟ್ಟಿ ಬಳೆಯ ಸುತ್ತಳತೆಗೆ ಸಾಕಷ್ಟು ಉದ್ದ ಇದೆಯೇ ಅಂಗಡಿಯಲ್ಲೇ ನೋಡಿ. ಹಚ್ಚುವ ಮುಂಚೆ ಬಳೆಯನ್ನೂ ಪಟ್ಟಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಹಿಟ್ಟಿನ ಧೂಳು ಇದ್ದರೆ ಜಾರುತ್ತದೆ, ಎಣ್ಣೆ ಇದ್ದರೆ ಇನ್ನೂ ಜಾರುತ್ತದೆ. ಎಳೆದಾಗ ಪಟ್ಟಿ ಬಿಗಿಯಾಗುವ ದಿಕ್ಕಿಗೆ ಸುತ್ತಬೇಕು. ಪಟ್ಟಿಯಿಂದ ಅತಿ ಬಿಗಿ ಮಾಡುವುದು ಕಷ್ಟ, ಅದಕ್ಕೇ ನನಗೆ ಅದು ಇಷ್ಟ.

ಉಳಿ, ಸ್ಕ್ರೂಡ್ರೈವರ್ ಹಚ್ಚಿ ಸುತ್ತಿಗೆಯಿಂದ ಬಡಿದು ಬಳೆ ತಿರುಗಿಸುವುದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆ ಶ್ಯಾವಿಗಿ ಮಕ್ಕಳು ತಿನ್ನುತ್ತವೆ.

ಪಾನಾದ ಜೊತೆ ಎಲನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ ಚಾವಿ) ಸೆಟ್ಟೂ ಒಂದಿರಲಿ. ಮೋಟಾರಿನ ಪುಲ್ಲಿ ಸಡಿಲಾದರೆ ಸುರುಳಿ ತಿರುಗುವುದಿಲ್ಲ, ಜನ ಬಳೆಯ ಮೇಲೆ ಅನುಮಾನ ಪಡುತ್ತಾರೆ. ಪುಲ್ಲಿಯ ತಲೆಯಿಲ್ಲದ ಸ್ಕ್ರೂ ಎಂ6 ಇದ್ದರೆ 3 ಮಿಲಿಮೀಟರ್ ಕೀ, ಎಂ8 ಇದ್ದರೆ 4.

ಇನ್ನು ಪಾನಾ ಕೊಂಡ ಮೇಲಿನ ಮಾತು. ಮೊದಲು ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ನೀವು ಬಳೆಗೆ ಪಾನಾ ಹಚ್ಚಿ ಬಗ್ಗಿದಾಗ ಇನ್ನೊಬ್ಬರು ಬಂದು ಬಟನ್ ಒತ್ತುವುದು ಗದ್ದಲದ ಮನೆಯಲ್ಲಿ ದೊಡ್ಡ ಮಾತಲ್ಲ. ಪಾನಾವನ್ನು ನಿಮ್ಮ ಕಡೆ ಎಳೆಯಿರಿ, ಆಚೆ ನೂಕಬೇಡಿ. ನೂಕುವಾಗ ಜಾರಿದರೆ ಬೆರಳ ಗೆಣ್ಣು ಹಿಟ್ಟು ಹಾಕುವ ಹಾಪರಿನ ಅಂಚಿಗೆ ಬಡಿಯುತ್ತದೆ. ಬಳೆ ತಿರುಗುವ ಬದಲು ಮಶೀನೇ ತಿರುಗಿದರೆ ಸ್ಟ್ಯಾಂಡಿನ ಬೋಲ್ಟು ಮೊದಲು ಬಿಗಿ ಮಾಡಿ. ಹೊಸ ಮಶೀನು ಇದ್ದರೆ ಉಲ್ಟಾ ಥ್ರೆಡ್ಡು ಏನು ಅಂತ ಒಮ್ಮೆ ನೋಡಿಕೊಳ್ಳಿ: ಕೊಳವೆಯ ಬಾಯಿ ಮೇಲೆ ಮಾಡಿ ಹಿಡಿದಾಗ ಥ್ರೆಡ್ಡಿನ ಗೆರೆ ಬಲಕ್ಕೆ ಏರುತ್ತಿದ್ದರೆ ಸೀದಾ, ಎಡಕ್ಕೆ ಏರುತ್ತಿದ್ದರೆ ಉಲ್ಟಾ.

ಬಳೆಯ ಪಕ್ಕದಿಂದ ಹಿಟ್ಟು ಬರುತ್ತಿದೆ ಅಂತ ಬಿಗಿ ಹೆಚ್ಚಿಸುವುದು ಎಲ್ಲರಿಗೂ ಇರುವ ಚಟ. ಬಿಚ್ಚಿ ನೋಡಿ. ಜಾಳಗಿ ಕೂರುವ ಅಂಚಿನಲ್ಲಿ ಹೋದ ಸಲದ ಹಿಟ್ಟು ಒಣಗಿ, ಉಗುರಿಗೂ ಬಾರದ ಬಿಳಿ ಗೆರೆಯಾಗಿ ಕೂತಿರುತ್ತದೆ. ಅದರ ಮೇಲೆ ಜಾಳಗಿ ಓರೆಯಾಗಿ ಕೂರುತ್ತದೆ, ಓರೆ ಇದ್ದ ಕಡೆಯಿಂದ ಹಿಟ್ಟು ನುಸುಳುತ್ತದೆ. ಒದ್ದೆ ಬಟ್ಟೆ ಇಟ್ಟು ನೆನೆಸಿ, ಬಿದಿರಿನ ಕಡ್ಡಿಯಿಂದ ಕೆರೆದರೆ ಹೋಗುತ್ತದೆ. ಅಂಚು ಸ್ವಚ್ಛ ಇದ್ದೂ ಹಿಟ್ಟು ಬಂದರೆ ಜಾಳಗಿ ಬಾಗಿರಬಹುದು; ಗಾಜಿನ ಮೇಲಿಟ್ಟು ಅಲುಗಿಸಿ ನೋಡಿ. ಅದೂ ಅಲ್ಲ ಅಂದರೆ ಹಿಟ್ಟು ಬಿರುಸಾಗಿದೆ, ಒಂದು ಹನಿ ನೀರು ಕಾಣಿಸಿ. ನಡುವೆ ಬಟ್ಟೆಯ ಚೂರು ತುರುಕಬೇಡಿ.

ಬಿಸಿ ಮಶೀನಿನಲ್ಲಿ ಬಿಗಿ ಮಾಡುವುದರ ಬಗ್ಗೆ ಎಚ್ಚರ. ಒಂದೇ ಸಮ ಓಡಿಸಿದ ಮಶೀನಿನ ಬಾಯಿ ಬಿಸಿಯಾಗುತ್ತದೆ, ಮೇಲೆ ನಮ್ಮ ಏಪ್ರಿಲ್ ಬಿಸಿಲು ಬೇರೆ. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 80 ಮಿಲಿಮೀಟರಿನ ಬಳೆ, ಬಿಸಿ 40 ಡಿಗ್ರಿ ಏರಿದರೆ ಹಿತ್ತಾಳೆ ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತದೆ, ಒಳಗಿನ ಬೀಡು ಕಬ್ಬಿಣ ಸುಮಾರು 0.035. ವ್ಯತ್ಯಾಸ ಕೂದಲಿನ ದಪ್ಪಕ್ಕಿಂತ ಕಡಿಮೆ, ಆದರೆ ಬಳೆ ಸ್ವಲ್ಪ ಸಡಿಲವಾದ ಹಾಗೆ ಕೈಗೆ ಗೊತ್ತಾಗುತ್ತದೆ. ಆಗ ಇನ್ನಷ್ಟು ಬಿಗಿ ಕೊಟ್ಟಿರಿ ಅನ್ನಿ, ಸಂಜೆ ತಣ್ಣಗಾದಾಗ ಬಳೆ ಕುಗ್ಗಿ ಕೊಳವೆಯನ್ನು ಅವುಚಿಕೊಳ್ಳುತ್ತದೆ. ಥ್ರೆಡ್ಡಿನಲ್ಲಿ ಸಿಕ್ಕ ಹಿಟ್ಟು ಒಣಗಿ ಗೋಂದಾಗುತ್ತದೆ. ಬೆಳಗ್ಗೆ ಫೋನ್ ಬರುತ್ತದೆ, ಗಂಡಸ್ರು ಅದಾರೇನು ಅಂತ. ಹಾಗಾಗಿ ಕೆಲಸ ಮುಗಿದ ಕೂಡಲೇ, ಹಿಟ್ಟು ಹಸಿ ಇರುವಾಗಲೇ ಬಳೆ ಬಿಚ್ಚಿ ನೀರಿಗೆ ಹಾಕಿ.

ಈಗಾಗಲೇ ಹಿಡಿದುಕೊಂಡಿದ್ದರೆ ಪ್ಲಗ್ ಕಿತ್ತು, ಮೋಟಾರಿಗೆ ಪ್ಲಾಸ್ಟಿಕ್ ಹೊದಿಸಿ, ಬಳೆಯ ಮೇಲಷ್ಟೇ ಬಿಸಿ ನೀರಿನ ಬಟ್ಟೆ ಸುತ್ತಿ. ಬಳೆ ಮೊದಲು ಹಿಗ್ಗುತ್ತದೆ, ಒಣ ಹಿಟ್ಟು ನೆನೆಯುತ್ತದೆ. ಕಟ್ಟಿಗೆಯ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಆಮೇಲೆ ಪಾನಾ ಹಚ್ಚಿ ಒಂದೇ ಸಮ ಎಳೆಯಿರಿ, ಜಗ್ಗಬೇಡಿ. ಸೀಮೆಎಣ್ಣೆ, ತುಕ್ಕಿನ ಸ್ಪ್ರೇ ಬೇಡ.

ಮಳೆಗಾಲಕ್ಕೆ ಎತ್ತಿಡುವಾಗ ಥ್ರೆಡ್ಡಿಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಇಲ್ಲಿ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಕುಸುಬಿ ಎಣ್ಣೆ, ಅದನ್ನು ಮಾತ್ರ ಹಚ್ಚಬೇಡಿ. ಕುಸುಬಿ ಎಣ್ಣೆ ಗಾಳಿಗೆ ಒಣಗುವ ಜಾತಿಯದು, ಬಣ್ಣ ಮಾಡುವವರೂ ಅದನ್ನು ಬಳಸುತ್ತಾರೆ. ಮುಂದಿನ ಬೇಸಿಗೆ ಹೊತ್ತಿಗೆ ಥ್ರೆಡ್ಡಿನಲ್ಲಿ ಅಂಟು ಪದರವಾಗಿರುತ್ತದೆ. ಮೋಟಾರಿನ ಗ್ರೀಸು ಬಳೆಯ ಹತ್ತಿರವೂ ಸುಳಿಯಬಾರದು.

ಚಪ್ಪಟೆ ಚಾವಿಯೋ ಕೊಕ್ಕಿ ಪಾನಾವೋ, ಯಾವುದು ಇದ್ದರೂ ಹಿಡಿಕೆಯಲ್ಲಿ ಒಂದು ತೂತು ಕೊರೆಸಿ ಸ್ಟ್ಯಾಂಡಿನ ಕಾಲಿಗೆ ಸರಪಳಿಯಿಂದ ಕಟ್ಟಿ. ಪಕ್ಕದ ಮನೆಯವರು ನಲ್ಲಿ ಬಿಚ್ಚಲು ಕೇಳಿದರೆ ಸ್ಕ್ರೂ ಪಾನಾ ಕೊಟ್ಟು ಕಳಿಸಿ.